ನಾರ್ತ್ ಎಂಡ್‌ಗೆ ಬೆಳಗ್ಗೆ ಹೋಗಿ: ಬಾಸ್ಟನ್ನಿನ ಇಟಾಲಿಯನ್ ಕೇರಿಯನ್ನು ನೋಡುವ ಬಗೆ

ಬಾಸ್ಟನ್ನಿನಲ್ಲಿ ಯಾರನ್ನು ಕೇಳಿದರೂ ನಾರ್ತ್ ಎಂಡ್‌ಗೆ ರಾತ್ರಿ ಊಟಕ್ಕೆ ಹೋಗಿ ಅನ್ನುತ್ತಾರೆ. ಹಾಗೆ ಹೋದವರಿಗೆ ಸಿಗುವುದು ಹ್ಯಾನೋವರ್ ಸ್ಟ್ರೀಟಿನ ನೂಕುನುಗ್ಗಲು, ಬಾಗಿಲಲ್ಲೇ ಕಾಯಿಸುವ ಹೋಟೆಲು, ವಾಪಸು ಬರುವಾಗ ಕೈಯಲ್ಲೊಂದು ದಾರ ಸುತ್ತಿದ, ಸಿಹಿತಿಂಡಿಯ ಬಿಳಿ ಡಬ್ಬಿ. ಊಟ ಚೆನ್ನಾಗಿಯೇ ಇರಬಹುದು, ಕೇರಿ ಮಾತ್ರ ಕಂಡಿರುವುದಿಲ್ಲ. ರಾತ್ರಿ ಅಲ್ಲಿ ಇರುವವರೆಲ್ಲ ನಿಮ್ಮ ಹಾಗೆಯೇ ಹೊರಗಿನಿಂದ ಬಂದವರು. ಕೇರಿಯ ಗುಣ ಕಾಣಬೇಕೆಂದರೆ ಬೆಳಗ್ಗೆ ಹೋಗಬೇಕು, ಮುಖ್ಯ ಬೀದಿ ಬಿಟ್ಟು ಅಡ್ಡಬೀದಿ ಹಿಡಿಯಬೇಕು, ಕುಳಿತು ತಿನ್ನುವುದಕ್ಕಿಂತ ಅಂಗಡಿಯಲ್ಲಿ ನಿಂತು ಕೊಳ್ಳಬೇಕು.

ಒಂದು ವಿಷಯ ಮೊದಲೇ ತಿಳಿದಿರಲಿ. ಇಂದು ಇಲ್ಲಿ ವಾಸಿಸುವವರಲ್ಲಿ ಇಟಾಲಿಯನ್ ಮೂಲದವರು ಬಹುಸಂಖ್ಯಾತರಲ್ಲ. ಹಳೆಯ ಮನೆತನಗಳ ಮಕ್ಕಳು, ಮೊಮ್ಮಕ್ಕಳು ಮೆಡ್‌ಫರ್ಡ್, ರೆವಿಯರ್, ಸಾಗಸ್ ಕಡೆ ಹೋಗಿ ಬಹಳ ಕಾಲವಾಯಿತು. ಮೇಲಿನ ಮಹಡಿಗಳಲ್ಲಿ ಈಗ ವಿದ್ಯಾರ್ಥಿಗಳು, ಬ್ಯಾಂಕು ಕಚೇರಿಗಳ ನೌಕರರು ಬಾಡಿಗೆಗಿದ್ದಾರೆ. ಹಾಗಿದ್ದೂ ಹೊರಗೆ ನೆಲೆಸಿದವರು ಶನಿವಾರದ ಸಾಮಾನಿಗೆ, ಆಗಸ್ಟಿನ ಹಬ್ಬಕ್ಕೆ, ಶವಸಂಸ್ಕಾರಕ್ಕೆ ಇಲ್ಲಿಗೇ ಬರುತ್ತಾರೆ. ಆದ್ದರಿಂದ ಇದನ್ನು ಬರೀ ವಾಸದ ಕೇರಿ ಎಂದು ನೋಡಬೇಡಿ, ತವರು ಎಂದು ನೋಡಿ. ಆಗ ಹಲವು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಒಳಗೆ ಹೋಗುವ ದಾರಿ

ಕಾರು ಬೇಡ. ಬೀದಿಬದಿಯ ಜಾಗ ಬಹುಪಾಲು ಅಲ್ಲಿನ ನಿವಾಸಿಗಳಿಗೆ ಮೀಸಲು, ದಂಡ ಖಚಿತ. ಸಬ್‌ವೇಯ ಗ್ರೀನ್ ಅಥವಾ ಆರೆಂಜ್ ಲೈನ್ ಹಿಡಿದು ಹೇಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಕೇರಿಗೆ ಐದು ನಿಮಿಷದ ನಡಿಗೆ. ಕೇರಿಯೂ ಚಿಕ್ಕದು, ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷ ಸಾಕು.

ವಾರದ ದಿನ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರಿ. ಬೀದಿವ್ಯಾಪಾರವನ್ನೂ ನೋಡಬೇಕೆಂದರೆ ಶುಕ್ರವಾರ ಅಥವಾ ಶನಿವಾರ ಆರಿಸಿಕೊಳ್ಳಿ; ಬ್ಲ್ಯಾಕ್‌ಸ್ಟೋನ್ ಸ್ಟ್ರೀಟಿನಲ್ಲಿ ಹೇಮಾರ್ಕೆಟ್ ಸಂತೆ ಸೇರುವುದು ಆ ಎರಡೇ ದಿನ. ಅಲ್ಲಿನ ಕಟ್ಟಳೆ ಒಂದೇ: ಹಣ್ಣು ತರಕಾರಿಯನ್ನು ನೀವು ಮುಟ್ಟುವಂತಿಲ್ಲ. ವ್ಯಾಪಾರಿಯೇ ಆರಿಸಿ ಚೀಲಕ್ಕೆ ಹಾಕುತ್ತಾನೆ. ಮುಟ್ಟಿದಿರೋ, ಬೈಗುಳ ಕಾದಿರುತ್ತದೆ. ಬೆಲೆ ತೀರ ಕಡಿಮೆ, ಯಾಕೆಂದರೆ ಸಗಟು ವ್ಯಾಪಾರದಲ್ಲಿ ಉಳಿದ, ಅಂದೋ ಮರುದಿನವೋ ಖರ್ಚಾಗಲೇಬೇಕಾದ ಮಾಲು ಅದು. ಮೂರು ದಿನ ಇಟ್ಟು ತಿನ್ನುತ್ತೇನೆ ಅನ್ನುವವರು ಕೊಳ್ಳದಿರುವುದೇ ಲೇಸು. ದುಡ್ಡು ಕೊಡುವ ಮುಂಚೆ ಚೀಲದ ತಳದಲ್ಲಿ ಏನಿದೆ ನೋಡಿ. ಚಿಲ್ಲರೆ ನೋಟು ಜೇಬಲ್ಲಿರಲಿ.

ಸಂತೆ ದಾಟಿದರೆ ಉದ್ದನೆಯ ಹಸಿರು ಪಟ್ಟಿ ಅಡ್ಡ ಬರುತ್ತದೆ. ಅದು ರೋಸ್ ಕೆನೆಡಿ ಗ್ರೀನ್‌ವೇ, 2008ರಲ್ಲಿ ತೆರೆದ ಉದ್ಯಾನ. ಸುಮ್ಮನೆ ದಾಟಿ ಹೋಗಬೇಡಿ, ಒಂದು ಗಳಿಗೆ ನಿಲ್ಲಿ. 1950ರ ದಶಕದಿಂದ ಈ ಜಾಗದಲ್ಲಿ ಕಂಬಗಳ ಮೇಲೆ ಹೆದ್ದಾರಿಯೊಂದು ನಿಂತಿತ್ತು. ಅದನ್ನು ಕಟ್ಟಲು ಕೇರಿಯ ಅಂಚಿನ ಮನೆ ಅಂಗಡಿಗಳನ್ನು ಕೆಡವಿದರು, ಉಳಿದ ಕೇರಿ ನಗರದಿಂದ ಬೇರ್ಪಟ್ಟಿತು. ಊರಿನ ಮಗ್ಗುಲಲ್ಲೇ ಇದ್ದರೂ ಒಳಗೆ ಬರಬೇಕೆಂದರೆ ಹೆದ್ದಾರಿಯಡಿಯ ಕತ್ತಲೆ ದಾಟಿ ಬರಬೇಕಿತ್ತು. ನಷ್ಟವೇನೋ ಹೌದು, ಆದರೆ ಬೇರೆ ನಗರಗಳ ಇಟಾಲಿಯನ್ ಕೇರಿಗಳು ಕರಗುತ್ತಿದ್ದ ಕಾಲದಲ್ಲಿ ಇದು ಉಳಿದುಕೊಂಡದ್ದಕ್ಕೆ ಆ ಗೋಡೆಯೂ ಒಂದು ಕಾರಣ. ಹೆದ್ದಾರಿಯನ್ನು ಸುರಂಗಕ್ಕೆ ಇಳಿಸಿ ಮೇಲೆ ತೋಟ ಮಾಡಿದ ಮೇಲೆ ಬೆಳಕೂ ಬಂತು, ಬಾಡಿಗೆಯೂ ಏರಿತು.

ತೋಟದ ಆಚೆ ಕೆಂಪು ಗೆರೆಯೊಂದು ಕಾಲಡಿ ಓಡುತ್ತದೆ. ಅದು ಫ್ರೀಡಂ ಟ್ರೇಲ್, ಅಮೆರಿಕದ ಸ್ವಾತಂತ್ರ್ಯ ಹೋರಾಟದ ಸ್ಥಳಗಳನ್ನು ಜೋಡಿಸುವ ಗುರುತು. ಸದ್ಯಕ್ಕೆ ಅದನ್ನು ಬಿಟ್ಟು ಸೇಲಂ ಸ್ಟ್ರೀಟಿಗೆ ತಿರುಗಿ.

ಸೇಲಂ ಸ್ಟ್ರೀಟು: ಮೂಗಿನಿಂದ ಶುರು

ಹ್ಯಾನೋವರ್ ಅತಿಥಿಗಳ ಬೀದಿಯಾದರೆ ಸೇಲಂ ಅಡುಗೆಮನೆಯ ಬೀದಿ. ಪಾರ್ಮೆಂಟರ್ ಸ್ಟ್ರೀಟಿನ ಮೂಲೆಯಲ್ಲಿ 1932ರಿಂದ ಇರುವ ಪೋಲ್ಕಾರಿ ಕಾಫಿ ಅಂಗಡಿ ಸಿಗುತ್ತದೆ. ಕಾಫಿಬೀಜ, ಒಣಗಿದ ಸೊಪ್ಪು, ಮಸಾಲೆ, ಕಾಳುಗಳನ್ನು ತೂಗಿ ಕೊಡುತ್ತಾರೆ. ಔನ್ಸು ಎಂದರೆ ಸುಮಾರು 28 ಗ್ರಾಂ, ಕಾಲು ಪೌಂಡು ಎಂದರೆ 113 ಗ್ರಾಂ. ಈ ಎರಡು ಲೆಕ್ಕ ಗೊತ್ತಿದ್ದರೆ ಇಡೀ ಕೇರಿಯಲ್ಲಿ ವ್ಯವಹಾರ ಸುಲಭ. ಸ್ವಲ್ಪ ಮುಂದೆ, ಪ್ರಿನ್ಸ್ ಸ್ಟ್ರೀಟ್ ಕೂಡುವಲ್ಲಿ ಬೋವಾ ಬೇಕರಿ. ಇಲ್ಲಿ ಕೇಳಬೇಕಾದದ್ದು ಸ್ಕಾಲಿ: ಜಡೆಯಂತೆ ಹೆಣೆದು, ಮೇಲೆ ಎಳ್ಳು ಮೆತ್ತಿದ ಬಿಳಿ ಬ್ರೆಡ್. ಇದು ಬಾಸ್ಟನ್ನಿನ ಇಟಾಲಿಯನ್ನರ ಬ್ರೆಡ್, ಇತರ ಊರುಗಳಲ್ಲಿ ಈ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. ಬೆಳಗ್ಗೆ ಕೊಂಡರೆ ರಾತ್ರಿಯೊಳಗೆ ತಿನ್ನಿ. ಮರುದಿನಕ್ಕೆ ಅದು ಸುಟ್ಟು ತಿನ್ನುವುದಕ್ಕಷ್ಟೇ ಲಾಯಕ್ಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಹೊರಗಿನ ಗರಿಗರಿ ಒಂದೇ ಗಂಟೆಯಲ್ಲಿ ಹೋಗುತ್ತದೆ. ಕಾಗದದ ಚೀಲದಲ್ಲೇ ಇರಲಿ.

ಪ್ರಿನ್ಸ್ ಸ್ಟ್ರೀಟಿನ ಹೆಸರು ಅಮೆರಿಕದ ಅಂಗಡಿಗಳಲ್ಲಿ ಪಾಸ್ತಾ ಪೊಟ್ಟಣದ ಮೇಲೂ ಕಾಣುತ್ತದೆ. 1912ರಲ್ಲಿ ಇದೇ ಬೀದಿಯಲ್ಲಿ ಶುರುವಾದ ಕಂಪನಿ ಅದು. ಕಿಟಕಿಯಿಂದ ತಾಯಿ ಮಗನನ್ನು ಕೂಗುವ, ಹುಡುಗ ಕೇರಿಯ ಬೀದಿಗಳಲ್ಲಿ ಓಡಿ ಮನೆ ಸೇರುವ 1969ರ ಅದರ ಟಿವಿ ಜಾಹೀರಾತು, ಕೇರಿಯ ಚಿತ್ರವನ್ನು ದೇಶದ ಕಣ್ಣಲ್ಲಿ ಅಚ್ಚೊತ್ತಿಬಿಟ್ಟಿತು. ಇಲ್ಲಿಗೆ ಬರುವ ಎಷ್ಟೋ ಜನ ಇಂದಿಗೂ ಹುಡುಕುವುದು ಆ ಕಿಟಕಿಯನ್ನೇ.

ಹೆಸರುಗಳ ಉಚ್ಚಾರ

ಅಂಗಡಿಯಲ್ಲಿ ಕಿವಿಗೊಟ್ಟರೆ ಪುಸ್ತಕದ ಇಟಾಲಿಯನ್ ಕೇಳಿಸುವುದಿಲ್ಲ. ಬೋರ್ಡಿನಲ್ಲಿ ರಿಕೋಟ್ಟಾ ಎಂದಿರುವ ಮೆತ್ತನೆಯ ಚೀಸು ಬಾಯಲ್ಲಿ ರಿಗೋಟ್, ಮೊಟ್ಸರೆಲ್ಲಾ ಎಂಬುದು ಮುಟ್ಸರೆಲ್, ಪ್ರೊಶೂಟ್ಟೊ ಎಂಬುದು ಪ್ರಜೂಟ್, ಕಾಪೊಕೊಲ್ಲೊ ಎಂಬ ಹಂದಿಮಾಂಸ ಗಬಗೂಲ್. ಇದು ಅಪಭ್ರಂಶವಲ್ಲ. ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಅದಾದ ಕೆಲವೇ ದಶಕಗಳಲ್ಲಿ ನೇಪಲ್ಸ್ ಸುತ್ತಣ ಕಾಂಪಾನಿಯಾ, ಸಿಸಿಲಿ, ಅಬ್ರುತ್ಸೊ ಕಡೆಯ ರೈತರು, ಮೀನುಗಾರರು ಹಡಗು ಹತ್ತಿದರು. ಶಾಲೆಯ ಶಿಷ್ಟ ಇಟಾಲಿಯನ್ ಆಗಿನ್ನೂ ಅವರ ಹಳ್ಳಿ ಮುಟ್ಟಿರಲಿಲ್ಲ. ಅವರು ತಂದದ್ದು ತಂತಮ್ಮ ಆಡುನುಡಿ. ತೆಂಕಣ ನುಡಿಗಳಲ್ಲಿ ಪದದ ಕೊನೆಯ ಸ್ವರ ಉಡುಗುತ್ತದೆ, ಕಕಾರ ಗಕಾರದತ್ತ ವಾಲುತ್ತದೆ. ಆ ನುಡಿ ಇಲ್ಲಿ ನೂರು ವರ್ಷ ಹಾಗೆಯೇ ಉಳಿಯಿತು, ಅಲ್ಲಿ ಬದಲಾಯಿತು. ಇಂದು ರೋಮಿನಿಂದ ಬಂದವರಿಗೆ ಈ ಉಚ್ಚಾರ ಕೇಳಿ ನಗು ಬರುತ್ತದೆ.

ನೀವು ಈ ಉಚ್ಚಾರವನ್ನು ಅನುಕರಿಸಲು ಹೋಗಬೇಡಿ, ಹಾಸ್ಯ ಮಾಡಿದಂತೆ ಕಾಣುತ್ತದೆ. ಕೇಳಿ ಅರ್ಥಮಾಡಿಕೊಂಡರೆ ಸಾಕು. ಒಂದು ಪದವನ್ನು ಮಾತ್ರ ಗಮನದಲ್ಲಿಡಿ: ಗ್ರೇವಿ. ಹಳೆಯ ಮನೆಗಳಲ್ಲಿ ಇದು ಗಂಟೆಗಟ್ಟಲೆ ಕುದಿಸಿದ, ಮಾಂಸ ಬಿದ್ದ ಟೊಮೆಟೊ ಸಾರು. ಬೇಗ ಆಗುವ, ಮಾಂಸವಿಲ್ಲದ್ದು ಮರಿನಾರಾ. ಈ ಭೇದ ತಿಳಿಯದೆ ಕೆಂಪಗಿರುವುದೆಲ್ಲ ಒಂದೇ ಅಂದುಕೊಂಡು ಮೋಸಹೋದ ಸಸ್ಯಾಹಾರಿಗಳು ಬಹಳ.

ಸಸ್ಯಾಹಾರಿಗಳು ಇನ್ನೂ ಮೂರು ಕಡೆ ಎಡವುತ್ತಾರೆ. ಪಾರ್ಮಿಜಾನೊ ರೆಜ್ಜಾನೊ, ಪೆಕೊರಿನೊ ರೊಮಾನೊ ಎರಡೂ ಚೀಸುಗಳಿಗೆ ಹಾಲು ಒಡೆಸಲು ಬಳಸುವುದು ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್. ಹಾಳೆಹಾಳೆಯಾಗಿ ಗರಿಗೆದರುವ ಸ್ಫೊಲ್ಯಾತೆಲ್ಲೆ ಎಂಬ ಪೇಸ್ಟ್ರಿಯ ಪದರಗಳಿಗೆ, ರಿಕೋಟ್ಟಾ ತುಂಬಿದ ಕೊಳವೆಯಾಕಾರದ ಸಿಹಿ ಕನ್ನೋಲಿಯ ಚಿಪ್ಪಿನ ಹಿಟ್ಟಿಗೆ ಹಳೆಯ ಪದ್ಧತಿಯಲ್ಲಿ ಲಾರ್ಡ್, ಅಂದರೆ ಹಂದಿಯ ಕೊಬ್ಬು ಬೀಳುತ್ತದೆ. ಅನ್ನದ ಉಂಡೆ ಕರಿದ ಅರಂಚೀನಿಯ ಹೊಟ್ಟೆಯಲ್ಲಿ ಹೆಚ್ಚಾಗಿ ಮಾಂಸವಿರುತ್ತದೆ. ‘ಲಾರ್ಡ್ ಹಾಕಿದ್ದೀರಾ, ಬೆಣ್ಣೆಯಾ?’ ಎಂದು ನೇರವಾಗಿ ಕೇಳಿ. ಅಂಗಡಿಯವರಿಗೆ ಈ ಪ್ರಶ್ನೆ ಹೊಸದಲ್ಲ.

ಗುಡ್ಡ, ಸ್ಮಶಾನ, ಕಾಕಂಬಿ

ಸೇಲಂ ಸ್ಟ್ರೀಟಿನ ಕೊನೆಗೆ 1723ರ ಓಲ್ಡ್ ನಾರ್ತ್ ಚರ್ಚು. 1775ರಲ್ಲಿ ಬ್ರಿಟಿಷ್ ಪಡೆ ಹೊರಟ ಸುದ್ದಿಯನ್ನು ದೀಪ ತೋರಿಸಿ ತಿಳಿಸಿದ್ದು ಇದರ ಗೋಪುರದಿಂದ. ಪ್ರವಾಸಿಗಳೆಲ್ಲ ಇಲ್ಲೇ ನಿಲ್ಲುತ್ತಾರೆ. ನೀವು ಎದುರಿನ ಹಲ್ ಸ್ಟ್ರೀಟ್ ಏರಿ 1659ರ ಕಾಪ್ಸ್ ಹಿಲ್ ಸ್ಮಶಾನದ ಬಳಿ ಬನ್ನಿ, ಆಮೇಲೆ ನೀರಿನ ಕಡೆ ಇಳಿದು ಕಮರ್ಷಿಯಲ್ ಸ್ಟ್ರೀಟ್ ದಾಟಿ.

ಅಲ್ಲಿ ಲಾಂಗೋನ್ ಪಾರ್ಕು. ಈಗ ಮಕ್ಕಳ ಆಟ, ಚೆಂಡಾಟ. 1919ರ ಜನವರಿ 15ರಂದು ಇಲ್ಲಿ ನಿಂತಿದ್ದ, ಸುಮಾರು 50 ಅಡಿ ಎತ್ತರದ ಉಕ್ಕಿನ ಟ್ಯಾಂಕು ಒಡೆದು 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿತು. 21 ಜನ ಸತ್ತರು, ಸುಮಾರು 150 ಜನ ಗಾಯಗೊಂಡರು. ಟ್ಯಾಂಕು ಮೊದಲಿನಿಂದಲೂ ಸೋರುತ್ತಿತ್ತು. ದುರಸ್ತಿಯ ಬದಲು ಕಂಪನಿ ಅದಕ್ಕೆ ಕಂದು ಬಣ್ಣ ಬಳಿಸಿತು, ಸೋರಿದ್ದು ಕಾಣದಿರಲಿ ಎಂದು. ಒಡೆದ ಮೇಲೆ ಅರಾಜಕವಾದಿಗಳು ಬಾಂಬ್ ಇಟ್ಟರು ಎಂದು ವಾದಿಸಿತು. ವರ್ಷಗಟ್ಟಲೆ ವಿಚಾರಣೆ ನಡೆದು ತಪ್ಪು ಕಂಪನಿಯದೇ ಎಂದು ತೀರ್ಮಾನವಾಯಿತು. ಅಂಥ ಟ್ಯಾಂಕನ್ನು ಕಿಕ್ಕಿರಿದ ವಲಸಿಗರ ಕೇರಿಯ ಮಗ್ಗುಲಲ್ಲಿ ಯಾಕೆ ನಿಲ್ಲಿಸಿದರು ಅನ್ನುವುದಕ್ಕೆ ಉತ್ತರ ಕಷ್ಟವಲ್ಲ. ಜನರಲ್ಲಿ ಬಹಳ ಮಂದಿ ಇನ್ನೂ ನಾಗರಿಕರಾಗಿರಲಿಲ್ಲ, ಅವರ ತಕರಾರಿಗೆ ಬೆಲೆಯಿರಲಿಲ್ಲ. ನೆನಪಿಗೆ ಇರುವುದು ಒಂದು ಸಣ್ಣ ಫಲಕವಷ್ಟೇ, ಹುಡುಕಿ ಓದಬೇಕು.

ಅದೇ ಪಾರ್ಕಿನಲ್ಲಿ ಬೊಚ್ಚೆ ಅಂಕಣಗಳಿವೆ. ಮಧ್ಯಾಹ್ನದ ಬಿಸಿಲಿಗೆ ಹಳೆಯ ತಲೆಗಳು ಸೇರುತ್ತವೆ. ಆಟ ತಿಳಿದು ನೋಡಿದರೆ ಸೊಗಸು: ಎರಡು ಪಕ್ಷ, ಪಕ್ಷಕ್ಕೆ ನಾಲ್ಕು ದೊಡ್ಡ ಚೆಂಡು, ಮೊದಲು ಎಸೆಯುವುದು ಪಲ್ಲೀನೊ ಎಂಬ ಪುಟ್ಟ ಚೆಂಡು. ದೊಡ್ಡ ಚೆಂಡನ್ನು ಪಲ್ಲೀನೊಗೆ ಆದಷ್ಟು ಹತ್ತಿರ ಉರುಳಿಸಬೇಕು. ಯಾರ ಚೆಂಡು ದೂರವಿದೆಯೋ ಅವರೇ ಮುಂದೆ ಎಸೆಯುವುದು. ಎಂಟೂ ಮುಗಿದ ಮೇಲೆ ಹತ್ತಿರವಿದ್ದ ಪಕ್ಷಕ್ಕೆ ಮಾತ್ರ ಅಂಕ. ಎದುರಾಳಿಯ ಅತಿ ಸಮೀಪದ ಚೆಂಡಿಗಿಂತ ಒಳಗಿರುವ ಪ್ರತಿ ಚೆಂಡಿಗೂ ಒಂದೊಂದು. ಅಳತೆಯ ಜಗಳ ಆಟದ ಅರ್ಧಭಾಗ. ಆ ಹೊತ್ತಿಗೆ ನಿಮ್ಮ ಅಭಿಪ್ರಾಯ ಕೇಳಿದರೂ ಬಾಯಿ ಬಿಡಬೇಡಿ.

ಗೋಡೆ ಓದುವುದು

ನೀರಿನಂಚಿನಲ್ಲಿ ನಡೆದು ಬ್ಯಾಟರಿ ಸ್ಟ್ರೀಟಿಗೆ ತಿರುಗಿ, ಹ್ಯಾನೋವರ್ ಕಡೆ ಬನ್ನಿ. ಇಲ್ಲೊಂದು ಕಿರುಸಂದಿಯ ಗೋಡೆ ತುಂಬ ಸಂತರ ಪಟಗಳು, ಮೂರ್ತಿಗಳು: ಆಲ್ ಸೇಂಟ್ಸ್ ವೇ. ಗೇಟು ಹಾಕಿದ್ದರೆ ಹೊರಗಿನಿಂದಲೇ ನೋಡಿ, ತಳ್ಳಬೇಡಿ. ಅದು ಖಾಸಗಿ ಜಾಗ.

ಕಟ್ಟಡಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ನಾಲ್ಕೈದು ಮಹಡಿಯ ಇಟ್ಟಿಗೆ ವಠಾರಗಳು, ಮುಖಕ್ಕೆ ಅಂಟಿದ ಕಬ್ಬಿಣದ ತುರ್ತುಮೆಟ್ಟಿಲು, ನೆಲಮಟ್ಟದಲ್ಲಿ ಅಂಗಡಿ. ಕೆಲವು ಅಂಗಡಿಗಳ ಗಾಜಿಗೆ ಪರದೆ ಬಿದ್ದಿರುತ್ತದೆ, ಮೇಲೊಬ್ಬ ಸಂತನ ಅಥವಾ ಇಟಲಿಯ ಹಳ್ಳಿಯೊಂದರ ಹೆಸರು. ಇದು ಮುಚ್ಚಿದ ಅಂಗಡಿಯಲ್ಲ, ಸೊಸೈಟಿ. ಹಳ್ಳಿಗೊಂದರಂತೆ ಕಟ್ಟಿಕೊಂಡ ಈ ಸಂಘಗಳಿಗೆ ಸದಸ್ಯರು ತಿಂಗಳ ಚಂದಾ ಕೊಡುತ್ತಿದ್ದರು. ಕಾಯಿಲೆ ಬಿದ್ದರೆ, ಸತ್ತರೆ ಸಂಘ ನೋಡಿಕೊಳ್ಳುತ್ತಿತ್ತು. ವಿಮೆ ಸಿಗದ ಕಾಲದ ವಿಮೆ. ಒಳಗೆ ಇಣುಕುವುದು ಅಪರಿಚಿತರ ಹಜಾರಕ್ಕೆ ಇಣುಕಿದಂತೆ.

ಇಟಾಲಿಯನ್ ಭಾಷೆಯಲ್ಲಿ ಕಾಂಪಾನಿಲಿಸ್ಮೊ ಎಂಬ ಮಾತಿದೆ, ತನ್ನೂರ ಚರ್ಚಿನ ಗಂಟೆಗೋಪುರದ ಮೇಲಣ ಅಭಿಮಾನ. ಇಲ್ಲಿಗೆ ಬಂದವರೂ ಮೊದಲು ಇಟಾಲಿಯನ್ನರಾಗಿರಲಿಲ್ಲ. ಸಿಸಿಲಿಯ ಶಾಕ್ಕಾ ಊರಿನ ಮೀನುಗಾರರು ನಾರ್ತ್ ಸ್ಟ್ರೀಟಿನ ಸುತ್ತ, ಅವೆಲ್ಲೀನೊದವರು ಬೇರೊಂದು ಬೀದಿಯಲ್ಲಿ, ಜಿನೋವಾದವರು ಇನ್ನೊಂದೆಡೆ. ಚರ್ಚುಗಳೂ ಹಾಗೆಯೇ. 1873ರಲ್ಲಿ ಸ್ಥಾಪಿತವಾದ ಸೇಂಟ್ ಲಿಯೊನಾರ್ಡ್ ಚರ್ಚು ಹ್ಯಾನೋವರ್ ಮತ್ತು ಪ್ರಿನ್ಸ್ ಸ್ಟ್ರೀಟುಗಳ ಮೂಲೆಯಲ್ಲಿದೆ. ಅಲ್ಲಿಂದ ಎರಡು ನಿಮಿಷ ನಡೆದರೆ ನಾರ್ತ್ ಸ್ಕ್ವೇರಿನಲ್ಲಿ ಸೇಕ್ರೆಡ್ ಹಾರ್ಟ್. 1833ರಲ್ಲಿ ನಾವಿಕರಿಗೆಂದು ಕಟ್ಟಿದ ಪ್ರಾರ್ಥನಾ ಮಂದಿರವನ್ನು ಇಟಾಲಿಯನ್ನರು ಕೊಂಡದ್ದು 1880ರ ದಶಕದಲ್ಲಿ. ಇಷ್ಟು ಹತ್ತಿರದಲ್ಲಿ ಎರಡು ಚರ್ಚು ಯಾಕೆ ಅಂದರೆ, ಬಡಗಣದವರಿಗೂ ತೆಂಕಣದವರಿಗೂ ಒಂದೇ ಮಾಡಿನಡಿ ಸರಿಹೋಗುತ್ತಿರಲಿಲ್ಲ.

ಅವರಿಗಿಂತ ಹಿಂದಿನ ಪದರವೂ ಕಾಣುತ್ತದೆ. ಹ್ಯಾನೋವರಿನ ಸೇಂಟ್ ಸ್ಟೀಫನ್ಸ್ 1804ರ ಪ್ರಾಟೆಸ್ಟಂಟ್ ಕಟ್ಟಡ, ಐರಿಷರು ತುಂಬಿದ ಮೇಲೆ 1862ರಲ್ಲಿ ಕ್ಯಾಥೊಲಿಕ್ ಆಯಿತು. ಅಧ್ಯಕ್ಷ ಕೆನೆಡಿಯ ತಾಯಿ ರೋಸ್‌ಗೆ 1890ರಲ್ಲಿ ಜ್ಞಾನಸ್ನಾನ, 1995ರಲ್ಲಿ ಅಂತ್ಯವಿಧಿ ಎರಡೂ ಇಲ್ಲೇ ನಡೆದವು. 1775ರ ಆ ರಾತ್ರಿ ಸುದ್ದಿ ಹೊತ್ತು ಕುದುರೆ ಏರಿದ ಪಾಲ್ ರೆವಿಯರ್‌ನ 1680ರ ಸುಮಾರಿನ ಮರದ ಮನೆ 1908ರಲ್ಲಿ ವಸ್ತುಸಂಗ್ರಹಾಲಯ ಆಗುವ ಮುಂಚೆ ಅದರ ನೆಲಮಟ್ಟದಲ್ಲಿ ಮಿಠಾಯಿ, ಸಿಗಾರು, ಹಣ್ಣು ತರಕಾರಿಯ ವ್ಯಾಪಾರ, ಒಂದು ಬ್ಯಾಂಕು ಕೂಡ ನಡೆದಿದ್ದವು. ದೇಶಭಕ್ತರು ಆ ಅಂಗಡಿಗಳನ್ನು ಅಳಿಸಿ ಹಳೆಯ ರೂಪಕ್ಕೆ ತಂದರು. ಕೇರಿಯ ಕಣ್ಣಿನಿಂದ ನೋಡಿದರೆ ಅಳಿಸಿದ್ದೂ ಚರಿತ್ರೆಯೇ.

ಹ್ಯಾನೋವರಿನಲ್ಲಿ ಇನ್ನೊಂದು ನೆನಪು ಉಂಟು, ಕೆಂಪು ಗೆರೆ ಅದನ್ನು ತೋರಿಸುವುದಿಲ್ಲ. ಕೊಲೆಯ ಆರೋಪ ಹೊತ್ತ ಇಟಾಲಿಯನ್ ಅರಾಜಕವಾದಿಗಳಾದ ಸಾಕೊ ಮತ್ತು ವಾನ್ಜೆಟ್ಟಿಯರ ರಕ್ಷಣಾ ಸಮಿತಿಯ ಕಚೇರಿ ಇದೇ ಬೀದಿಯಲ್ಲಿತ್ತು. 1927ರ ಆಗಸ್ಟ್ 23ರಂದು ಅವರಿಗೆ ಮರಣದಂಡನೆಯಾದ ಮೇಲೆ ಶವಗಳನ್ನು ದರ್ಶನಕ್ಕೆ ಇಟ್ಟದ್ದು ಈ ಕೇರಿಯಲ್ಲೇ, ಮೆರವಣಿಗೆ ಹೊರಟದ್ದೂ ಈ ಕೇರಿಯಿಂದಲೇ. ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಎಂದು ರಾಜ್ಯಪಾಲ ಮೈಕೆಲ್ ಡುಕಾಕಿಸ್ ಘೋಷಿಸಿದ್ದು 1977ರಲ್ಲಿ, ಐವತ್ತು ವರ್ಷದ ಬಳಿಕ.

ಹೊಟ್ಟೆಗೆ

ಹನ್ನೊಂದು ಗಂಟೆಗೆ ಗ್ಯಾಲರಿಯಾ ಉಂಬೆರ್ಟೊದ ಸಾಲಿಗೆ ನಿಲ್ಲಿ. ಚೌಕಾಕಾರದ, ದಪ್ಪ ಸಿಸಿಲಿಯನ್ ಪಿಜ್ಜಾ ತುಂಡು, ಅರಂಚೀನಿ, ಇನ್ನು ಕೆಲವು ಕರಿದ ತಿಂಡಿ, ಅಷ್ಟೆ. ಮಧ್ಯಾಹ್ನ ಮಾತ್ರ ತೆರೆದಿರುತ್ತದೆ, ಭಾನುವಾರ ರಜ, ಹಿಟ್ಟು ಮುಗಿದರೆ ಬಾಗಿಲು. ನಗದೇ ಬೇಕು. ಸಾಲು ಬಾಗಿಲಾಚೆಗೆ ಬಂದಿದ್ದರೂ ಹೆದರಬೇಡಿ, ಬೇಗ ಸಾಗುತ್ತದೆ. ಆದರೆ ನಿಮ್ಮ ಸರದಿ ಬಂದಾಗ ಯೋಚಿಸುತ್ತ ನಿಂತರೆ ಹಿಂದಿನವರ ನಿಟ್ಟುಸಿರು ಕೇಳಿಸುತ್ತದೆ.

ಕನ್ನೋಲಿಯ ವಿಷಯದಲ್ಲಿ ಯಾವ ಅಂಗಡಿ ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ. ಅದನ್ನು ಬಿಟ್ಟು ಒಂದನ್ನೇ ಗಮನಿಸಿ: ಚಿಪ್ಪಿಗೆ ಹೂರಣ ಯಾವಾಗ ತುಂಬುತ್ತಾರೆ? ರಿಕೋಟ್ಟಾದಲ್ಲಿ ನೀರಿದೆ. ತುಂಬಿಸಿಟ್ಟ ಗಳಿಗೆಯಿಂದ ಆ ನೀರು ಚಿಪ್ಪಿಗೆ ಇಳಿಯುತ್ತದೆ, ಎರಡು ಮೂರು ಗಂಟೆಯಲ್ಲಿ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟದ್ದು ನೋಡಲು ಚಂದ, ತಿನ್ನಲು ಸಪ್ಪೆ. ಮೇಲೆ ಉದುರಿಸಿದ ಸಕ್ಕರೆಪುಡಿ ಕರಗಿ ಒದ್ದೆಯಾಗಿದ್ದರೆ ಬಹಳ ಹೊತ್ತಾಗಿದೆ ಎಂದರ್ಥ. ಕೇಳಿದಾಗ ತುಂಬಿಕೊಡುವಲ್ಲಿ ಕೊಳ್ಳಿ. ಮಾಡರ್ನ್ ಪೇಸ್ಟ್ರಿಯಲ್ಲಿ ಆ ರೂಢಿಯಿದೆ. ಚಿಪ್ಪಿನ ಮೈಮೇಲೆ ಗುಳ್ಳೆಗಳಿರಬೇಕು. ಹಿಟ್ಟಿಗೆ ವೈನ್ ಸೇರಿಸಿ, ತೆಳ್ಳಗೆ ಲಟ್ಟಿಸಿ, ಕೊಳವೆಗೆ ಸುತ್ತಿ ಕರಿದದ್ದರ ಗುರುತು ಅದು. ಮನೆಗೆ ಒಯ್ಯುವುದಾದರೆ ಚಿಪ್ಪು ಬೇರೆ, ಹೂರಣ ಬೇರೆ ಕಟ್ಟಿಸಿ. ಹೂರಣ ತಂಪಿನಲ್ಲಿ, ಚಿಪ್ಪು ಹೊರಗೆ.

ರಿಚ್‌ಮಂಡ್ ಸ್ಟ್ರೀಟಿನ ಸಲುಮೆರಿಯಾ ಇಟಾಲಿಯಾನಾದಂಥ ಅಂಗಡಿಯಲ್ಲಿ ಚೀಸನ್ನು ತುಂಡಾಗಿಯೇ ಕೊಳ್ಳಿ, ತುರಿದದ್ದನ್ನಲ್ಲ. ಪಾರ್ಮಿಜಾನೊದ ಸಿಪ್ಪೆಯ ಮೇಲೆ ಚುಕ್ಕಿಗಳಲ್ಲಿ ಒತ್ತಿದ ಹೆಸರು ಇರಬೇಕು. ಸಿಪ್ಪೆಯನ್ನು ಎಸೆಯದೆ ಸಾರಿಗೆ ಹಾಕಿ ಕುದಿಸುವುದು ಇಲ್ಲಿನ ಅಜ್ಜಿಯರ ಪಾಠ. ಗಿರಾಕಿ ಕಡಿಮೆಯಿರುವ ಬೆಳಗ್ಗೆ ಕೇಳಿದರೆ ರುಚಿಗೊಂದು ಚೂರು ಕೊಡುತ್ತಾರೆ. ಶನಿವಾರ ಮಧ್ಯಾಹ್ನ ಕೇಳಬೇಡಿ.

ರಾತ್ರಿ ಊಟಕ್ಕೆ ನಿಲ್ಲಲೇಬೇಕೆಂದಿದ್ದರೆ ಐದೂವರೆಗೇ ಕುಳಿತುಬಿಡಿ. ಎಷ್ಟೋ ಹೋಟೆಲುಗಳಲ್ಲಿ ಸಿಹಿ, ಕಾಫಿ ಕೊಡುವುದೇ ಇಲ್ಲ. ಜಾಗ ಇಕ್ಕಟ್ಟು, ಮೇಜು ಬೇಗ ಖಾಲಿಯಾಗಬೇಕು, ಸಿಹಿಗೆ ಪಕ್ಕದಲ್ಲೇ ಪೇಸ್ಟ್ರಿ ಅಂಗಡಿಯಿದೆ. ಬಿಲ್ಲಿಗೆ 7% ತೆರಿಗೆ ಸೇರುತ್ತದೆ, ಟಿಪ್ಸು 18ರಿಂದ 20% ನೀವೇ ಬರೆಯಬೇಕು. ಊಟವಾದ ಮೇಲೆ ಕಾಫಿಗೆ 1929ರ ಕಫೆ ವಿಟ್ಟೋರಿಯಾ ಇದೆ.

ಆಗಸ್ಟಿನಲ್ಲಿ ಹೋದರೆ

ಮೇಲಿನ ಮಾತುಗಳಲ್ಲಿ ಅರ್ಧ ಹಬ್ಬದ ದಿನಗಳಿಗೆ ಅನ್ವಯಿಸುವುದಿಲ್ಲ. ಬೇಸಿಗೆಯಲ್ಲಿ ಸಂತರ ಉತ್ಸವಗಳು ಒಂದರ ಹಿಂದೊಂದು ಬರುತ್ತವೆ, ದೊಡ್ಡವು ಎರಡು. ಆಗಸ್ಟಿನ ನಡುಭಾಗದಲ್ಲಿ ಶಾಕ್ಕಾದ ಮೀನುಗಾರರ ಮದೊನ್ನಾ ದೆಲ್ ಸೊಕ್ಕೊರ್ಸೊ (ಮದೊನ್ನಾ ಎಂದರೆ ಮೇರಿಮಾತೆ) ಉತ್ಸವ, 1910ರಿಂದ. ಕೊನೆಯ ವಾರಾಂತ್ಯದಲ್ಲಿ ಮೊಂತೆಫಾಲ್ಚೊನೆ ಊರಿನವರ ಸಂತ ಆಂಟನಿ ಉತ್ಸವ, 1919ರಿಂದ. ಎರಡನೆಯದರ ಭಾನುವಾರದ ಮೆರವಣಿಗೆ ನಡುಹಗಲಿಗೆ ಹೊರಟು ರಾತ್ರಿ ಹತ್ತರವರೆಗೂ ಬೀದಿ ಬೀದಿ ಸುತ್ತುತ್ತದೆ. ಸಂತನನ್ನು ಹೆಗಲ ಮೇಲೆ ಹೊರುತ್ತಾರೆ, ಮನೆಮನೆ ಮುಂದೆ ನಿಲ್ಲಿಸುತ್ತಾರೆ, ಮೂರ್ತಿಯಿಂದ ಇಳಿಬಿಟ್ಟ ಪಟ್ಟಿಗಳಿಗೆ ಜನ ಡಾಲರ್ ನೋಟು ಸಿಕ್ಕಿಸುತ್ತಾರೆ.

ನೀವೂ ಒಂದು ಡಾಲರ್ ಕೊಡಬಹುದು, ಯಾವ ಮತದವರೆಂದು ಯಾರೂ ಕೇಳುವುದಿಲ್ಲ. ನೋಟನ್ನು ನೀವೇ ಚುಚ್ಚಲು ಹೋಗದೆ ಹೊರುವವರ ಜೊತೆಗಿರುವವರ ಕೈಗೆ ಕೊಡಿ. ಮೂರ್ತಿಯ ಮುಂದೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ. ಹಿಂದೆ ನಿಂತ ಅಜ್ಜಿಗೆ ಅದು ಇಡೀ ವರ್ಷದ ಹರಕೆ. ದಾರಿಗೆ ಅಡ್ಡವಾಗಿ ನಿಲ್ಲದೆ ಮೂರ್ತಿ ನಿಲ್ಲುವ ಮನೆಯ ಎದುರಿನ ಕಾಲುದಾರಿಯಲ್ಲಿರಿ.

ಮೀನುಗಾರರ ಉತ್ಸವದ ಭಾನುವಾರ ರಾತ್ರಿ ಎಂಟಕ್ಕೆ ನಾರ್ತ್ ಸ್ಟ್ರೀಟಿನಲ್ಲಿ ‘ದೇವದೂತೆಯ ಹಾರಾಟ’. ಮೂರನೆಯ ಮಹಡಿಯ ಕಿಟಕಿಯಿಂದ ಹುಡುಗಿಯೊಬ್ಬಳನ್ನು ಹಗ್ಗದಲ್ಲಿ ಬೀದಿಯ ಮೇಲೆ ತೇಲಿಬಿಡುತ್ತಾರೆ, ಅವಳು ಮದೊನ್ನಾಳಿಗೆ ಇಟಾಲಿಯನ್‌ನಲ್ಲಿ ಪ್ರಾರ್ಥನೆ ಹೇಳುತ್ತಾಳೆ, ಮೇಲಿನಿಂದ ಬಣ್ಣದ ಕಾಗದದ ಚೂರು ಸುರಿಯುತ್ತವೆ. ಬೀದಿ ಕಿರಿದು, ಏಳು ಗಂಟೆ ಕಳೆದು ಹೋದರೆ ಹಗ್ಗ ಕಾಣುತ್ತದೆ, ಹುಡುಗಿ ಕಾಣುವುದಿಲ್ಲ. ಆರೂವರೆಗೇ ಹೋಗಿ ನಿಲ್ಲಿ. ಅರಂಚೀನಿಯನ್ನು ಅದಕ್ಕೂ ಮೊದಲೇ ತಿಂದಿರಿ, ಆಮೇಲೆ ಕೈ ಎತ್ತುವುದಕ್ಕೂ ಜಾಗವಿರುವುದಿಲ್ಲ.